ಹನ್ನೊಂದು ಗಂಟೆಯ ದಿಕ್ಕು

ಹತ್ತು ಜನ, ಹತ್ತು ಕಿತ್ತಳೆ ಜಾಕೀಟು.
ಕಾಳಿ ಕಡಲಿಗೆ ಬೀಳುವಲ್ಲಿ
ಕಂದು ನೀರಿಗೂ ಹಸಿರು ನೀರಿಗೂ ನಡುವೆ
ಒಂದು ನೊರೆಯ ಗೆರೆ;
ಅದರ ಮೇಲೆ ಎಂಜಿನ್ನು ನಿಲ್ಲಿಸಿದೆ.

'ಎದ್ದು ನಿಲ್ಲಬೇಡಿ. ಸಿಳ್ಳೆ ಹಾಕಬೇಡಿ.
ಬೋಟಿನ ಮೂತಿ ಹನ್ನೆರಡು ಗಂಟೆ.
ಹನ್ನೊಂದು ಅಂದರೆ ಒಂಚೂರು ಎಡಕ್ಕೆ ನೋಡಿ,
ವಾಚು ನೋಡಬೇಡಿ.'
ಈ ಮಾತಿಗೆ ದಿನಾ ನಗುತ್ತಾರೆ.
ಇವತ್ತೂ ನಕ್ಕರು, ಒಬ್ಬರನ್ನು ಬಿಟ್ಟು.

ಹುಬ್ಬಳ್ಳಿಯ ಸಿಮೆಂಟ್ ಏಜೆನ್ಸಿಯವರು,
ಕೊರಳಲ್ಲಿ ಮೊಳದುದ್ದದ ಕ್ಯಾಮೆರಾ.
'ಗ್ಯಾರಂಟಿ ಕಾಣ್ತಾವೇನ್ರಿ?
ಆಫ್ರಿಕಾದಾಗ ಮೂರು ದಿನಕ್ಕ ಐದಕ್ಕೈದೂ ಕಂಡ್ವು ನಮಗ.
ಸಿಂಹ, ಚಿರತಿ, ಆನಿ, ಕಾಡೆಮ್ಮಿ, ಖಡ್ಗಮೃಗ.'
ಬೆರಳು ಮಡಚುತ್ತ ಹೇಳಿದರು,
ಸಾಲ ವಸೂಲಾದವರ ಹಾಗೆ.

ನಮ್ಮಲ್ಲಿ ಐದಿಲ್ಲ ಸಾಹೇಬರೆ.
ಅಗೋ ಗೂಟದ ಮೇಲೆ ಗರುಡ, ಅದು ದಿನಾ ಇರುತ್ತದೆ,
ಸಂಬಳ ಕೊಟ್ಟು ಇಟ್ಟುಕೊಂಡಿದ್ದೇನೆ ಅನ್ನುತ್ತೇನೆ ಮಕ್ಕಳಿಗೆ.
ಕೂರ್ಮಗಡದ ಬಂಡೆಗೆ ಕಡಲಹದ್ದು; ಬಿಳಿ ಹೊಟ್ಟೆ, ಸಿಡುಕು ಮೋರೆ.
ಕಾಂಡ್ಲಾ ಬೇರಿನಲ್ಲಿ ಬೆಳಿಗ್ಗೆ ನೀರುನಾಯಿ ಇತ್ತು,
ಶೇವಟೆಯ ತಲೆಯೊಂದನ್ನು ರಸೀದಿ ಬಿಟ್ಟು ಹೋಗಿದೆ.
ಆಮೇಲೆ, ನೀವು ದುಡ್ಡು ಕೊಟ್ಟ ಇದು.
ಅಜ್ಜ ಇದನ್ನು ಕಡಲಹಂದಿ ಎನ್ನುತ್ತಿದ್ದ,
ಬಲೆ ಹರಿದ ದಿನ ಇನ್ನೂ ಕೆಟ್ಟದ್ದು ಎನ್ನುತ್ತಿದ್ದ.
ಈಗ ಡಾಲ್ಫಿನ್ ಆಗಿ
ನನ್ನ ಡೀಸೆಲ್ಲು, ಮಗಳ ಫೀಜು ಕಟ್ಟುತ್ತಿದೆ.
ಅಜ್ಜನ ಪರವಾಗಿ ಒಮ್ಮೊಮ್ಮೆ ಕ್ಷಮೆ ಕೇಳುತ್ತೇನೆ,
ಎಂಜಿನ್ನಿನ ಸದ್ದಿನಲ್ಲಿ.

ಇಪ್ಪತ್ತು ನಿಮಿಷ. ನೀರು ಸಾರಿಸಿದ ನೆಲದಷ್ಟು ಖಾಲಿ.
'ಈಗಷ್ಟೇ ಇಲ್ಲೇ ಇತ್ತು' ಎಂದೆ.
ಇರಲಿಲ್ಲ. ನಿನ್ನೆ ಇತ್ತು.
ಒಂದು ಮಗು ವಾಂತಿ ಮಾಡಿತು, ಅದಕ್ಕೆ ತಾರ್ಲೆ ಮರಿ ಮುತ್ತಿದವು,
ಅದನ್ನೇ ತೋರಿಸಿದೆ.

ಬೇಸತ್ತು ಅವರು ಮೊಬೈಲು ತೆಗೆದರು.
'ನೋಡ್ರಿಲ್ಲೆ, ಇಷ್ಟು ಹತ್ರ.'
ಎಲ್ಲರೂ ಅತ್ತ ವಾಲಿದರು, ಬೋಟೂ ವಾಲಿತು.
ಒಣಹುಲ್ಲು, ಹುಲ್ಲಿನದೇ ಬಣ್ಣದ ಸಿಂಹಿಣಿ,
ಬಾಯಿ ಸುತ್ತ ಕೆಂಪು.
ರಾಡಿಯಲ್ಲಿ ನೀರುಕುದುರೆಯ ಎರಡು ಕಿವಿ.
ಕೊಂಬೆಯ ಮೇಲೆ ಕಾಲು ಇಳಿಬಿಟ್ಟ ಚಿರತೆ;
ಆ ಚಿತ್ರದ ಕೆಳಮೂಲೆಯಲ್ಲಿ
ಅರ್ಧ ಕೈ.

ಹಸಿರು ತೋಳು, ಗಂಟು ಬಿದ್ದ ಬೆರಳು,
ಉಗುರಿನಂಚಿಗೆ ಗ್ರೀಸು.
ಚಿರತೆಯ ಕಡೆ ಚಾಚಿದೆ, ಪೂರ್ತಿ ಚಾಚಿಲ್ಲ;
ಪೂರ್ತಿ ಚಾಚಿದರೆ ಪ್ರಾಣಿ ಏಳುತ್ತದೆ,
ಅದು ಗೊತ್ತಿದ್ದವನ ಕೈ.

'ಇದು ಯಾರು?' ಎಂದೆ.
'ಯಾವುದು? ಅದಾ? ಡ್ರೈವರ್ ಅಂವ. ಗೈಡೂ ಅವನ.
ಕ್ರಾಪ್ ಮಾಡ್ಬೇಕಿತ್ತು, ಮರ್ತೆ.'
ಹೆಸರು?
'ಏನೋ ಇತ್ತು ನೋಡ್ರಿ. ಚಲೋ ಮನಷ್ಯ.
ದಿನಾ ನಾಕಕ್ಕ ಏಳ್ತಿದ್ದ.'

ನಾನೂ ನಾಲ್ಕಕ್ಕೆ ಏಳುತ್ತೇನೆ.
ಅವನೂ ಗಾಳಿ ಮೂಸಿ ಹೇಳಿರುತ್ತಾನೆ, ಈಗಷ್ಟೇ ಇಲ್ಲೇ ಇತ್ತು.
ಸಿಂಹ ಕಾಣದ ದಿನ ಒಂದೇ ಜಿಂಕೆಯನ್ನು
ಎರಡು ಸಲ ತೋರಿಸಿರುತ್ತಾನೆ.
ಟಿಪ್ಸು ಎಣಿಸುವಾಗ ಬೆನ್ನು ತಿರುಗಿಸಿರುತ್ತಾನೆ.
ಇವತ್ತು ಏನು ಕಂಡಿತು ಎಂದು ಮನೆಯಲ್ಲಿ ಕೇಳಿದರೆ
ಏನೂ ಇಲ್ಲ ಎಂದಿರುತ್ತಾನೆ,
ಇಪ್ಪತ್ತು ಆನೆ ಕಂಡ ದಿನವೂ.

ಫುಸ್ಸ್.
ಬೆನ್ನ ಹಿಂದೆ, ಆರು ಗಂಟೆಗೆ.
ಸೀಸದ ಬಣ್ಣದ ಬೆನ್ನು, ಗೂನಿನ ಮೇಲೆ ಚಿಕ್ಕ ರೆಕ್ಕೆ,
ಪಕ್ಕದಲ್ಲಿ ಅದರ ಅರ್ಧದಷ್ಟು ಇನ್ನೊಂದು,
ಉಸಿರಾಡಲು ಇನ್ನೂ ಬಾರದೆ
ತಲೆಯೆಲ್ಲ ಹೊರಗೆ ಹಾಕಿ.
ಹತ್ತೂ ತಲೆ ಚಿರತೆಯಲ್ಲಿ ಹೂತಿದ್ದವು.
ಹದಿನಾರು ವರ್ಷದ ಅಭ್ಯಾಸ ನನ್ನ ಕೈಗೆ;
ಅರ್ಧ ಎದ್ದಿತು,
ಅಲ್ಲೇ ನಿಂತಿತು.
ಮರಿ ಮುಳುಗಿತು, ತಾಯಿ ಮುಳುಗಿತು,
ನೀರು ಹೊಲಿದುಕೊಂಡಿತು.

ಮೂರನೇ ಸಲ ಎದ್ದಾಗ ತೋರಿಸಿದೆ, ದೂರದಲ್ಲಿ.
ಎಲ್ಲರೂ ಕಿರುಚಿದರು. ಸಿಮೆಂಟಿನವರಿಗೆ ಬಾಲ ಸಿಕ್ಕಿತು,
ಬಾಲವೋ ಅಲೆಯೋ ಎಂದು ದಡದವರೆಗೂ ಚರ್ಚೆ.
ಇಳಿಯುವಾಗ ನೂರರ ನೋಟು ಕೊಟ್ಟರು. ತಗೊಂಡೆ.

ರಾತ್ರಿ ಊಟಕ್ಕೆ ಕೂತು ಉಪ್ಪು ಎಲ್ಲಿ ಅಂದೆ.
'ಮೂರು ಗಂಟೆಗೆ' ಅಂದಳು ಶೇವಂತಿ, ತಲೆ ಎತ್ತದೆ,
ಮಗಳ ತಟ್ಟೆಯ ಮುಳ್ಳು ಬಿಡಿಸುತ್ತ.
'ಏನಾದರೂ ಕಂಡಿತೋ?'
'ಒಂದು ಕೈ' ಅಂದೆ.
ಸಾರು ಬೇಕೋ ಅಂದಳು.