ಕುಸುಬಿ ಎಣ್ಣೆಯ ಸದ್ದು

ಅವೆಲಿನಾ ಮೇಡಂ ಹೆಡ್‌ಫೋನು ನನ್ನ ಕಿವಿಗೆ ಸಿಕ್ಕಿಸಿ
"ಕೇಳು" ಅಂದರು.
ಗ್ರಾಂಡೆ ದ್ವೀಪದ ಹಿಂಬದಿ. ಎಂಜಿನ್ನು ಆರಿಸಿ
ಕಾಯ್ತಾನ್ ಬೀಡಿ ಹಚ್ಚಿದ್ದ.
ಮೈಕು ಆರು ಮಾರು ಕೆಳಗೆ, ಕತ್ತಲಲ್ಲಿ.

ಶಂಖ ಕಿವಿಗಿಟ್ಟಾಗಿನ ಹುಯ್ಲು ಬರಬಹುದೆಂದುಕೊಂಡಿದ್ದೆ.
ಬಂದದ್ದು ಚಟಪಟ.
ಸಾಸಿವೆ!
ಕಾದ ಎಣ್ಣೆಗೆ ಬಿದ್ದ ಸಾಸಿವೆ,
ನೂರು ಬಾಣಲೆಗಳಲ್ಲಿ, ಒಂದೇ ಸಲಕ್ಕೆ.

"ಸೀಗಡಿ," ಅಂದರು. "ಬೆರಳುದ್ದವೂ ಇಲ್ಲ,
ಒಂದು ಕೈ ಮಾತ್ರ ದಪ್ಪ. ಅದರಲ್ಲಿ ಚಿಟಿಕೆ ಹೊಡೆಯುತ್ತೆ."
ನಡುವೆ ಯಾವುದೋ ಮೀನಿನ ಗೊರಗೊರ,
ಇನ್ಯಾವುದೋ ಹವಳ ಕಡಿಯುತ್ತಿತ್ತು
ಮಕ್ಕಳು ಕಲ್ಲುಸಕ್ಕರೆ ಕಡಿದ ಹಾಗೆ.

ಮರುದಿನ ದೋನಾ ಪಾವ್ಲಾದ ಲ್ಯಾಬಿನಲ್ಲಿ
ಗಾಜಿನ ತಟ್ಟೆಯೊಳಗೆ ತೋರಿಸಿದರು:
ಎರಡು ಕಣ್ಣು, ಒಂದು ಹೊಟ್ಟೆ,
ಉಳಿದದ್ದೆಲ್ಲ ನೀರಿನ ಬಣ್ಣ.
ಮೊಟ್ಟೆಯೊಡೆದ ರಾತ್ರಿಯೇ ಸೆಳವು ಒಯ್ಯುತ್ತದಂತೆ
ತಳವಿಲ್ಲದ ಕಡೆಗೆ. ಇಪ್ಪತ್ತು ದಿನ, ಮೂವತ್ತು.
ಹಗಲು ಹೊತ್ತಿನ ವಾರೆ ನೋಡಿಕೊಂಡು,
ಹತ್ತಿರವಾದಾಗ ನೀರಿನ ವಾಸನೆ ಹಿಡಿದು,
ರಾತ್ರಿ ಆ ಚಟಪಟದ ದಿಕ್ಕಿಗೆ ಈಜು.
"ಕಿವಿ ಎಲ್ಲಿ?" ಅಂದೆ.
ತಲೆಯೊಳಗೊಂದು ಹರಳು, ಉಪ್ಪಿನ ಕಣದಷ್ಟು.
ಬದುಕಿದ ದಿನಕ್ಕೊಂದು ಗೆರೆ ಅದರಲ್ಲಿ.
ತಟ್ಟೆ ತೊಳೆಯುವ ಕೆಲಸ ನನ್ನದು.
ಅವತ್ತು ಕೈ ಬರಲಿಲ್ಲ.

ಬೈಣಾದ ನಮ್ಮ ಓಣಿಗೆ ಹೆಸರಿರಲಿಲ್ಲ.
ಅಪ್ಪ ಬಂದರಿನಲ್ಲಿ ಅದಿರು ಹೊರುವವ;
ಉಗುಳಿದರೂ ಕೆಂಪು, ಕೆಮ್ಮಿದರೂ ಕೆಂಪು.
ನನಗೆ ಏಳು. ಕರೆಂಟು ಹೋದ ಸಂಜೆ
ದಂಡೆಯಿಂದ ಹೊರಟವಳು ದಾರಿ ತಪ್ಪಿದೆ.
ತಗಡಿನ ಗೋಡೆ, ತಗಡಿನ ಗೋಡೆ, ತಗಡಿನ ಗೋಡೆ.
ಕೇಳುವುದು ಯಾರನ್ನು, ಯಾವ ಭಾಷೆಯಲ್ಲಿ?
ಒಂದು ಬಾಗಿಲಲ್ಲಿ ಕೊಬ್ಬರಿ ಎಣ್ಣೆ. ಅಲ್ಲ.
ಒಂದರಲ್ಲಿ ಬಂಗಡೆ ಸುಡುವ ಹೊಗೆ. ಅಲ್ಲ.
ತಿರುವಿನಲ್ಲಿ ಉಸಿರು ಬಿಗಿಹಿಡಿದು ನಿಂತೆ.
ಆಗ ಬಂತು: ಕುಸುಬಿ ಎಣ್ಣೆ, ಅದರೊಳಗೆ ಸಾಸಿವೆ,
ಹಿಂದೆಯೇ ಜಜ್ಜಿದ ಬಳ್ಳೊಳ್ಳಿ ಬಿದ್ದ ಚುರ್.
ಅವ್ವ ಸಿಂದಗಿಯಿಂದ ಡಬ್ಬಿಯಲ್ಲಿ ತಂದು
ಚಮಚದಲ್ಲಿ ಅಳೆಯುವ ಎಣ್ಣೆ.
ಓಡಿದೆ.

ಅದು ನಮ್ಮ ಮನೆಯಲ್ಲ.
ಕೊಪ್ಪಳದ ಕಡೆಯ ಹುಲಿಗೆವ್ವ, ಸೌಟು ಕೈಯಲ್ಲೇ ಇತ್ತು,
"ಯಾರ ಮಗಳಬೇ ನೀ?" ಅಂದಳು.
ಉತ್ತರಕ್ಕೆ ಕಾಯದೆ ರೊಟ್ಟಿ ಮುರಿದಳು.

ಇದನ್ನು ಹೇಳಲಿಲ್ಲ ನಾನು. ಕೇಳಿದ್ದು ಇಷ್ಟೇ:
"ಹುಟ್ಟಿದಲ್ಲಿಗೇ ತಿರುಗಿ ಬರ್ತಾವಾ, ಮೇಡಂ?"
"ಕೆಲವು. ಉಳಿದವು ಸದ್ದಿದ್ದ ಕಡೆ ಇಳಿಯುತ್ತವೆ."

ಈ ವರ್ಷ ಬೇರೆ ಕೆಲಸ.
ಒಂದು ಕಡೆ ಹವಳ ಬೆಳ್ಳಗಾಗಿ ಸತ್ತು
ಕೆಳಗೆ ಮಸಣದ ಸದ್ದು, ಅಂದರೆ ಏನೂ ಇಲ್ಲ.
ಅಲ್ಲಿಗೊಂದು ಸ್ಪೀಕರು ಇಳಿಸಿದ್ದೇವೆ.
ರಾತ್ರಿಯಿಡೀ ಒಗ್ಗರಣೆ ಹಾಕುತ್ತದೆ ಅದು,
ಒಲೆಯಿಲ್ಲ, ಎಣ್ಣೆಯಿಲ್ಲ.
ಮರಿಗಳು ಬರುತ್ತಿವೆ. ಮೊನ್ನೆ ನಲವತ್ತೊಂದು.

"ಇದು ಮೋಸ ಅಲ್ಲೇನ್ರೀ?"
ಮೇಡಂ ಪೆನ್ನು ಕೆಳಗಿಟ್ಟರು.
"ಬಂದವು ಪಾಚಿ ಮೇಯುತ್ತವೆ. ಮೇಯ್ದ ಕಲ್ಲಿಗೆ
ಹೊಸ ಹವಳ ಹತ್ತಬಹುದು."
ಸ್ವಲ್ಪ ಹೊತ್ತು ಬಿಟ್ಟು, "ಹತ್ತದೆಯೂ ಇರಬಹುದು."

ಓಣಿ ಈಗಿಲ್ಲ. ಬುಲ್ಡೋಜರು ಬಂದ ಬೆಳಿಗ್ಗೆ
ಅವ್ವ ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿ ನಿಂತಿದ್ದಳು.
ಹುಲಿಗೆವ್ವ ಯಾವ ಕಡೆ ಹೋದಳೋ.
ಅಲ್ಲೀಗ ಮರಳು, ಒಂದು ಐಸ್‌ಕ್ರೀಮ್ ಗಾಡಿ.
ಆ ಮರಳಲ್ಲಿ ಯಾರಾದರೂ ಸ್ಪೀಕರು ಹೂತು
ಸಂಜೆ ಏಳಕ್ಕೆ ಸಾಸಿವೆ ಸಿಡಿಸಿದರೆ
ಹೋಗುತ್ತೇನೆ.
ಗೊತ್ತಿದ್ದೂ ಹೋಗುತ್ತೇನೆ, ಚಪ್ಪಲಿ ಮರೆತು.

ನಾಳೆ ಬ್ಯಾಟರಿ ಬದಲಿಸುವ ಸರದಿ ನನ್ನದು.
ಐದಕ್ಕೇ ಬಾ ಅಂದಿದ್ದಾನೆ ಕಾಯ್ತಾನ್,
ಬಂದರಿನ ಹಡಗುಗಳು
ಗಂಟಲು ಬಿಚ್ಚುವ ಮೊದಲು.