ಹನ್ನೆರಡನೆಯ ನಿಮಿಷ

ಹನ್ನೆರಡನೆಯ ನಿಮಿಷಕ್ಕೆ ಸರಿಯಾಗಿ
ಬಲಗಾಲು ನನ್ನದಲ್ಲ.

ಮೊದಲು ಕಿರುಬೆರಳು ಮಾತು ಬಿಡುತ್ತದೆ,
ಆಮೇಲೆ ಅದರ ಪಕ್ಕದ್ದು.
ಅಂಗಾಲಿನಲ್ಲಿ ಇರುವೆಸಾಲು,
ಇರುವೆಯೂ ಗೂಡು ಸೇರಿದ ಮೇಲೆ
ಶೂ ತೊಟ್ಟ ಒಂದು ಕೊರಡು
ಪೆಡಲಿನ ಮೇಲೆ ಏರಿ ಇಳಿಯುತ್ತಿರುತ್ತದೆ
ಯಾರದೋ ಅಪ್ಪಣೆಗೆ.
ಮರಗಟ್ಟಿತು ಅನ್ನುತ್ತಾರೆ. ಸುಳ್ಳು.
ಮರವಾಗಿದ್ದರೆ ಏಪ್ರಿಲ್‌ಗಾದರೂ ಚಿಗುರುತ್ತಿತ್ತು.

ಎದೆಯೊಳಗೆ ಎರಡು ಸ್ಟೆಂಟ್ ಕೂರಿಸಿದ ಮೇಲೆ
ವಾರಕ್ಕೆ ಮೂರು ದಿನ, ದಿನಕ್ಕೆ ಅರ್ಧ ಗಂಟೆ,
ಚೀಟಿ ಬರೆದುಕೊಟ್ಟರು.
ಈ ಯಂತ್ರ ಎಲ್ಲಿಗೂ ಹೋಗುವುದಿಲ್ಲ.
ಎರಡು ಕಿಲೋಮೀಟರು ಬಂದೆ ಎನ್ನುತ್ತದೆ ಹಸಿರು ಅಂಕಿ;
ಕಿಟಕಿಯಾಚೆ ಅದೇ ಟ್ರಾಮ್ ಕಂಬಿ, ಅದೇ ಹಿಮ,
ಅದೇ ಕಂಬದ ಬುಡದಲ್ಲಿ ಅದೇ ನಾಯಿ.

ನಮ್ಮ ಊರು ವೂಚ್. ಹಾಗೆಂದರೆ ದೋಣಿ.
ದೋಣಿಯೇನೋ ಇದೆ, ಹೊಳೆ ಕೇಳಬೇಡಿ:
ಹತ್ತಿ ಗಿರಣಿ ಕಟ್ಟುವಾಗ ಇದ್ದಬದ್ದ ಹೊಳೆಗಳನ್ನೆಲ್ಲ
ಕೊಳವೆಗೆ ತುರುಕಿ ಮೇಲೆ ರಸ್ತೆ ಹಾಸಿದರು.
ಕಾಲು ಜೋಮು ಹಿಡಿದಾಗಲೆಲ್ಲ ನೆನಪಾಗುತ್ತದೆ,
ಹರಿಯುವುದು ಹರಿಯುತ್ತಲೇ ಇರಬೇಕು ಅಡಿಯಲ್ಲಿ,
ಮೇಲಿನವರಿಗೆ ಗೊತ್ತಾಗುವುದಿಲ್ಲ.

ಪಕ್ಕದ ಸೈಕಲ್ಲಿನ ಅಲೋಯ್ಜಿ, ಮೂವತ್ತು ವರ್ಷ ಟ್ರಾಮ್ ಓಡಿಸಿದವ,
"ನನಗೆ ಕೈ, ನಿನಗೆ ಕಾಲು,
ಇಬ್ಬರನ್ನೂ ಬಿಚ್ಚಿ ಜೋಡಿಸಿದರೆ
ನೆಟ್ಟಗಿರುವ ಒಂದು ಮುದಿಜೀವ ಸಿಕ್ಕೀತು"
ಅಂದು ಕೆಮ್ಮುತ್ತಾನೆ.

ಸಕ್ಕರೆ ನೋಡಿದರು, ಇಲ್ಲ.
ಬೆನ್ನಿನ ಚಿತ್ರ ತೆಗೆದರು, ವಯಸ್ಸಿಗೆ ತಕ್ಕ ಸವೆತ.
ಕಣ್ಣು ಮುಚ್ಚಿಸಿ ಬೆರಳಿಗೆ ಸೂಜಿ ತಾಗಿಸಿ ಕೇಳಿದರು, ಇಲ್ಲೋ? ಇಲ್ಲೋ?
ಇಲ್ಲೇ, ಅಂದೆ. ಕೂತಾಗ ಎಲ್ಲ ಸರಿಯಿರುತ್ತದೆ.

ಕಡೆಗೆ ಕಿಂಗಾ, ನನ್ನ ಮೊಮ್ಮಗಳ ವಯಸ್ಸಿನ ಫಿಸಿಯೋ,
ಮಂಡಿಯೂರಿ ನನ್ನ ಶೂ ನೋಡಿದಳು.
ಲೇಸಿನಡಿ ಉಗುರು ತೂರಿಸಲು ಹೋದಳು. ತೂರಲಿಲ್ಲ.
"ಅಜ್ಜಿ, ಇದು ಕಾಲೋ, ಪಾರ್ಸೆಲ್ಲೋ?"

ನಗಬೇಕಿತ್ತು. ನಕ್ಕೆ ಕೂಡ.
ಅವಳಿಗೇನು ಗೊತ್ತು,
ಇದೇ ಹಾಲಿನಲ್ಲಿ, ಈಗ ಬಿಳಿ ಬಳಿದಿರುವ ಆ ಮೂರನೆಯ ಕಂಬದ ಬಳಿ,
ಎಪ್ಪತ್ತಾರನೆಯ ಇಸವಿ, ರಾತ್ರಿ ಪಾಳಿ,
ಗೆನೋವೆಫಾಳ ಲೇಸು ಮಗ್ಗದ ಪಟ್ಟಿಗೆ ಸಿಕ್ಕಿದ್ದು.
ಶೂ ಒಂದು ಹೋಯಿತು ಎಂದು ಮೇಸ್ತ್ರಿ ಪುಸ್ತಕದಲ್ಲಿ ಬರೆದುಕೊಂಡ.
ಎರಡು ಬೆರಳು ಅದರೊಳಗೇ ಇದ್ದವು.

ಮಾರನೆಯ ದಿನದಿಂದ ಬಾಗಿಲಲ್ಲೇ ನಿಂತು
ಒಬ್ಬೊಬ್ಬರ ಲೇಸೂ ಎಳೆದು ನೋಡಿ ಒಳಗೆ ಬಿಡುತ್ತಿದ್ದರು.
ಎರಡು ಸುತ್ತು, ಎರಡು ಗಂಟು, ತುದಿ ಒಳಕ್ಕೆ.
ಗಿರಣಿ ಮುಚ್ಚಿತು. ಮಗ್ಗಗಳನ್ನು ತೂಕಕ್ಕೆ ಹಾಕಿದರು.
ಮದುವೆಗೆ, ಮಣ್ಣಿಗೆ, ಆಲೂಗಡ್ಡೆ ತರುವುದಕ್ಕೆ,
ಎಲ್ಲಿಗೆ ಹೊರಟರೂ
ನನ್ನ ಕೈ ಮಾತ್ರ ಪ್ರತಿ ಬೆಳಗ್ಗೆ ಪಾಳಿಗೆ ಹೋಗುತ್ತಿತ್ತು.

ಕಿಂಗಾ ಬಿಚ್ಚಿದಳು.
ಒಂದು ತೂತು ಬಿಟ್ಟು ಒಂದು ತೂತಿಗೆ ಪೋಣಿಸಿ
ಸಡಿಲವಾಗಿ ಒಂದು ಹೂಗಂಟು ಹಾಕಿದಳು.
"ಹತ್ತಿ," ಅಂದಳು.

ಹತ್ತು. ಹನ್ನೊಂದು. ಹನ್ನೆರಡು.
ಕಾಲು ಹೋಗಲಿಲ್ಲ.
ಕಿರುಬೆರಳು ಅಲ್ಲೇ ಇತ್ತು, ಬೆಚ್ಚಗೆ, ಸ್ವಲ್ಪ ಉರಿಯುತ್ತ,
ತಡವಾಗಿ ಮನೆಗೆ ಬಂದವರ ಹಾಗೆ ಗೊಣಗುತ್ತ.
ಕೆಳಗೆ ನೋಡಿದೆ.
ಲೇಸಿನ ಬಿಳಿ ತುದಿ
ಗಾಲಿಯ ಪಕ್ಕ ಕುಣಿಯುತ್ತಿತ್ತು,
ಹೋಗಿ ಬಂದು, ಹೋಗಿ ಬಂದು,

ನೂರ ಹತ್ತಿದ್ದ ಅಂಕಿ ನೂರ ನಲವತ್ತಕ್ಕೆ ಜಿಗಿದು
ಯಂತ್ರ ಕೀಚಲು ದನಿಯಲ್ಲಿ ಕೂಗಿಕೊಂಡಿತು.
ಕಿಂಗಾ ಓಡಿ ಬಂದಳು. "ಎದೆನೋವಾ? ಕಾಲಾ? ಮತ್ತೆ ಜೋಮಾ?"

ಇಲ್ಲ ಮಗಳೇ, ಅಂದೆ.
ಜೋಮು ಬಿಟ್ಟಿದೆ.
ಸ್ವಲ್ಪ ನಿಲ್ಲಿಸು ಇದನ್ನು,
ಬೆರಳು ಎಣಿಸಿಕೊಳ್ಳಬೇಕು.