ಸಾವಿರದಿನ್ನೂರಕ್ಕೆ ಇನ್ನೂರೆಂಬತ್ತು

ಅಗಲ ಸಾವಿರದಿನ್ನೂರು, ಎತ್ತರ ಇನ್ನೂರೆಂಬತ್ತು.
ಬೀಡಿಕಟ್ಟಿನ ಕಾಗದದ ಹಿಂದೆ ಮಗಳ ಕೈಲಿ ಬರೆಸಿ ತಂದಿದ್ದರು
ದ್ಯಾವಪ್ಪ, ಹಮಾಲರ ಸಂಘದ ಕಾರ್ಯದರ್ಶಿ.
"ಪರದೆಯ ನೆತ್ತಿ ಮೇಲೆ ನಮ್ಮ ಫೋಟೊ ಬರಬೇಕಂತೆ,
ಒಂಚೂರು ಸರಿ ಮಾಡ್ಕೊಡಿ ಸೆಲಿನಮ್ಮ."

ಸಂತೇಪೇಟೆಯ ಈ ಅಂಗಡಿಯಲ್ಲಿ
ಪಾಸ್‌ಪೋರ್ಟಿಗೆ ಎರಡು ಕಿವಿಯೂ ಕಾಣಬೇಕು,
ಮದುವೆಗೆ ಒಡವೆ ಕಾಣಬೇಕು,
ತಿಥಿಗೆ ಬರೀ ಮುಖ ಸಾಕು, ಹಿಂದೆ ತೆಳುನೀಲಿ.
ಈ ಅಳತೆ ಮಾತ್ರ ನನಗೆ ಹೊಸದು.
ರೈಲಿಗೆ ಸರಿ, ಕೆರೆಯ ಏರಿಗೆ ಸರಿ,
ಹಗ್ಗದ ಮೇಲಿನ ಸೀರೆಗೆ ಸರಿ,
ನಿಂತ ಮನುಷ್ಯನಿಗಲ್ಲ.

ಮೊದಲ ಫೋಟೊ, ಬಿತ್ತನೆ ಆಲೂಗಡ್ಡೆ ಬಂದಿಳಿದ ದಿನದ್ದು:
ಲಾರಿಯ ಹಲಗೆ ಮೇಲೆ ಚಾಂದ್‌ಪಾಷ, ಬೆನ್ನಿಗೆ ಮೂಟೆ.
ಪಟ್ಟಿಯನ್ನು ಮೇಲೆಳೆದರೆ ಮೂಟೆ ಉಂಟು, ಆಳಿಲ್ಲ.
ಕೆಳಗೆಳೆದರೆ ಮೊಣಕಾಲು, ಹಲಗೆ, ಹಲಗೆಯ ಮೊಳೆ.
ನಡುವೆ ನಿಲ್ಲಿಸಿದರೆ
ಒಂದು ಸೊಂಟ, ಅದಕ್ಕೆ ಬಿಗಿದ ಟವೆಲ್ಲು.
ದ್ಯಾವಪ್ಪ ಬಗ್ಗಿ ನೋಡಿದರು.
"ಯಾರ ಸೊಂಟ ಅಂತ ನಾನು ಹೇಳ್ತೀನಿ,
ಬೇರೆಯೋರು ಹೇಳಬೇಕಲ್ಲ."

ಎರಡನೆಯದು ವಾರ್ಷಿಕ ಸಭೆ. ಮೂರು ಸಾಲು, ನಲವತ್ತೊಂದು ಜನ.
ಉಳಿದವರು ನಡುಸಾಲಿನವರು,
ನಡುಸಾಲಲ್ಲಿ ನಿಂತದ್ದಕ್ಕೆ.
ಎಲ್ಲರನ್ನೂ ಹಿಡಿಸೋಣವೆಂದು ಮೇಲಿಂದ ಒತ್ತಿದೆ:
ಕತ್ತು ಹೋಯಿತು, ಕೆನ್ನೆ ಬನ್ನಿನಂತೆ ಉಬ್ಬಿತು,
ಹೊರೆ ಇಲ್ಲದೆಯೂ ಕುಗ್ಗಿದರು ಎಲ್ಲರೂ.
ದ್ಯಾವಪ್ಪ ನಕ್ಕರು. ಆಮೇಲೆ ನಗಲಿಲ್ಲ.

ಅಪ್ಪನ ಕಾಲಕ್ಕೆ ಬ್ಲೇಡು, ಮರದ ಸ್ಕೇಲು.
ಕತ್ತರಿಸಿದ್ದು ಮೇಜಿನಿಂದ ಉದುರುತ್ತಿತ್ತು,
ಯಾರದೋ ಮೊಣಕೈ, ಅರ್ಧ ಹೂಕುಂಡ.
ಆಯ್ದು ನನ್ನ ಗಣಿತದ ಪುಸ್ತಕದಲ್ಲಿ ಇಡುತ್ತಿದ್ದೆ.
ಈಗ ಕತ್ತರಿಸಿದ್ದು ಕೆಳಗೆ ಬೀಳುವುದೇ ಇಲ್ಲ.

ಮಾರನೆ ದಿನ ಒಂದೂವರೆಗೆ ನಾನೇ ಯಾರ್ಡಿಗೆ ಹೋದೆ.
ಗೋದಾಮಿನ ನೆರಳಲ್ಲಿ, ಖಾಲಿ ಚೀಲ ಹಾಸಿಕೊಂಡು,
ತಲೆಗೆ ಕಾಲು, ಕಾಲಿಗೆ ತಲೆ,
ಗೋಡೆಯುದ್ದಕ್ಕೂ ಮಲಗಿದ್ದರು.
ಕ್ಯಾಮೆರಾ ಎತ್ತಿದೆ. ಅಳತೆ ಅಲ್ಲೇ ಇತ್ತು,
ಯಾರನ್ನೂ ಕೊಯ್ಯದೆ.

ಸಂಘದಲ್ಲಿ ಜಗಳವೇ ಆಯಿತಂತೆ.
"ಸೋಮಾರಿಗಳು ಅಂತಾರೆ ನೋಡಿದೋರು," ಕಾಳೇಗೌಡ.
"ಮೂಟೆ ಹೊತ್ತಿದ್ದನ್ನ ಎಲ್ಲರೂ ನೋಡವ್ರೆ,
ಇಳಿಸಿದ್ದನ್ನ ಯಾರು ನೋಡವ್ರೆ?" ಚಾಂದ್‌ಪಾಷ.
ಕೈ ಎತ್ತಿಸಿ ಎಣಿಸಿದರು. ಮೂರು ಕೈ ಹೆಚ್ಚಿಗೆ, ನಿದ್ದೆಯ ಕಡೆ.

ಅಕ್ಷರಕ್ಕೆ ಎಡಗಡೆ ಜಾಗ ಬೇಕಿತ್ತು.
ದೇವರ ದಯೆ, ಒಂದು ಚೀಲ ಬರಿದಾಗಿತ್ತು,
ಹೊನ್ನಯ್ಯ ಟೀ ಕುಡಿಯಲು ಎದ್ದು ಹೋಗಿದ್ದ.
ಅವನ ಮೈಯ ತಗ್ಗು ಇನ್ನೂ ಉಳಿದಿದ್ದಲ್ಲಿ
ಸಂಘದ ಹೆಸರನ್ನು ಮಲಗಿಸಿದೆ, ಬಿಳಿ ಬಣ್ಣದಲ್ಲಿ.
"ನನ್ನ ಹಾಸಿಗೆ ಮೇಲೆ ಬರೆದವ್ರೆ" ಅಂತ
ಇವತ್ತಿಗೂ ಊರಿಗೆಲ್ಲ ಹೇಳುತ್ತಾನೆ.

ತೂಕ ಜಾಸ್ತಿಯಾಯಿತು ಅಂದರು, ಇಳಿಸಿದೆ.
ಇನ್ನೂ ಇಳಿಸಿ ಅಂದರು. ಅರವತ್ತಕ್ಕೆ ಬಂದಾಗ
ಕಾಳೇಗೌಡನ ಮೀಸೆ ಕಲೆಸಿತು; ಎಪ್ಪತ್ತಕ್ಕೆ ವಾಪಸು ಹೋದೆ.
ತೂಕದ ವಿಷಯ ಅವರಿಗೆ ಹೇಳಿಕೊಡಬೇಕೆ?
"ಮೀಸೆ ಇರಲಿ, ಎರಡು ಕೇಜಿ ಹೆಚ್ಚಾದರೆ ಹೊರ್ತೀವಿ."

ಕಡೆಗೊಂದು ಉಳಿಯಿತು, ಹೇಳಲೇಬೇಕಾದ್ದು:
ಮೊಬೈಲಿನಲ್ಲಿ ನೋಡಿದರೆ ಬಲಗಡೆ ಕೊಯ್ದುಹೋಗುತ್ತೆ,
ಆ ತುದಿಗೆ ಇರುವವರು ಕಾಣುವುದಿಲ್ಲ.
ದ್ಯಾವಪ್ಪ ಪರದೆ ಹತ್ತಿರ ಬಂದು
ತುದಿಯವನನ್ನು ಬೆರಳಲ್ಲಿ ಮುಟ್ಟಿದರು.
ಟವೆಲ್ಲು ಮುಖಕ್ಕೆ ಹಾಕಿ ಮಲಗಿದ್ದವನು.
"ಅದು ನಾನೇ. ಇರಲಿ ಬಿಡಿ."

ಫೈಲಿಗೆ ಹೆಸರು ಕೊಟ್ಟೆ: ಹಮಾಲ್, ಕೊನೆ, ಕೊನೆಯದು, ಮೂರು.
ರಾತ್ರಿ ಶಟರ್ ಎಳೆದು, ನನ್ನ ಮೊಬೈಲಿನಲ್ಲಿ ತೆರೆದೆ.
ದ್ಯಾವಪ್ಪ ಇರಲಿಲ್ಲ.
ಕಟ್ಟಕಡೆಯಲ್ಲಿ, ಗಾಜಿನ ಅಂಚಿಗೆ ತಾಗಿ,
ಬಿರುಕುಬಿಟ್ಟ ಒಂದು ಹಿಮ್ಮಡಿ ಮಾತ್ರ
ಒಳಗೆ ಬಂದಿತ್ತು.